ಗುಡ್ಡದಾಚೆಯ ಗುಟುಕು

ಬಸ್ಸು ಹೊಗೆ ಉಗುಳುತ್ತ ತಿರುವಿನಲ್ಲಿ ಮರೆಯಾದ ಮೇಲೆಯೇ ಅವಳಿಗೆ ಅಕ್ಕನ ಹುನ್ನಾರ ಅರ್ಥವಾದದ್ದು. ಈ ಗುಡ್ಡಗಳನ್ನೆಲ್ಲ ಹತ್ತಿಳಿದು, ಕಡಲ ಮೇಲಿನ ಬಂಡೆಗಳ ಅಂಚಿನಲ್ಲಿ ನಡೆದು, ಆಚೆ ತುದಿಯ ದೀಪಸ್ತಂಭ ಮುಟ್ಟುವ ತನಕ ಮನೆಗೆ ಬೇರೆ ಬಸ್ಸಿಲ್ಲ.

“ಬೇಕಂತಲೇ ಇಲ್ಲಿಗೆ ಕರ್ಕೊಂಡು ಬಂದೆ ಅಲ್ವಾ?”

“ಮತ್ತೆ? ಪಾರ್ಕಿಗೆ ಕರ್ಕೊಂಡು ಹೋಗಿದ್ರೆ ಚಪ್ಪಲಿ ಕೈಲಿ ಹಿಡ್ಕೊಂಡು ಮನೆಗೆ ಓಡ್ತಿದ್ದೆ. ನಡಿ ರೇಡಿಯೋ, ನಡಿ.”

ಬಾಯಿಗೆ ಬಿಡುವು ಕೊಡದವಳೆಂದು ಮನೆಯವರು ಇಟ್ಟ ಹೆಸರದು. ಅಜ್ಜಿಯ ಮಡಿಲಲ್ಲಿ ಕತೆ ಕೇಳುತ್ತ ಬೆಳೆದವಳು, ಮಗನಿಗೂ ಹುಟ್ಟಿದ ದಿನದಿಂದ ಕತೆ ಹೇಳುತ್ತಲೇ ಹಾಲೂಡಿಸಿದ್ದಳು. ಅಲ್ಲೇ ಎಡವಟ್ಟಾಗಿದ್ದು. ಅವಳ ದನಿ ಕಿವಿಗೆ ಬಿದ್ದರೆ ಸಾಕು, ನಾಲ್ಕು ತಿಂಗಳ ಆ ಪೋರ ಬಾಟಲಿಯನ್ನು ನಾಲಿಗೆಯಿಂದ ತಳ್ಳಿ ಮನೆಯೇ ಹಾರಿಹೋಗುವಂತೆ ಅಳುತ್ತಿದ್ದ. ಸೋಮವಾರ ಅವಳು ಕನ್ನಡಿ ಕಾರ್ಖಾನೆಗೆ ಮರಳಬೇಕು. ಗಾಜು ಕೊರೆಯುವ ಮೇಜು, ಅಂಚು ಉಜ್ಜುವ ಕಲ್ಲು, ಉಸಿರಾಡುವ ಗಾಳಿಯಲ್ಲೂ ಗಾಜಿನ ಪುಡಿ. ಅಲ್ಲಿಗೆ ಕೂಸನ್ನು ಒಯ್ಯುವಂತಿಲ್ಲ. ಬರದಿದ್ದರೆ ಮೇಜು ಇನ್ನೊಬ್ಬರ ಪಾಲು ಎಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದ. ಗಂಡನಿಗೆ ಅಚ್ಚುಕೂಟದಲ್ಲಿ ರಾತ್ರಿ ಪಾಳಿ. ಹಗಲು ಮಗುವನ್ನು ನೋಡಿಕೊಳ್ಳಲು ಅವನು ತಯಾರು. ಬಾಟಲಿ ಹಿಡಿಯಲು ಮಗುವೇ ತಯಾರಿಲ್ಲ. ಅದಕ್ಕೇ ಈ ಒಂದು ದಿನದ ಗಡೀಪಾರು.

ಮೊಣಕಾಲೆತ್ತರದ ಹುಲ್ಲಿನ ನಡುವೆ ಹಾದಿ ಏರುತ್ತ ಹೋಯಿತು. ಅವಳು ಪ್ರತಿ ತಿರುವಿನಲ್ಲೂ ನಿಂತು ಫೋನನ್ನು ಆಕಾಶಕ್ಕೆ ತೋರಿಸಿದಳು. ಸಿಗ್ನಲ್ ಇಲ್ಲ. ಪ್ರತಿ ತಿರುವಿನಲ್ಲೂ ಹಿಂದೆ ನೋಡಿದಳು. ಅಜ್ಜಿಯ ಕತೆಯಲ್ಲಾದರೆ ಹಿಂತಿರುಗಿ ನೋಡಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಆ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಅವಳೊಬ್ಬಳಿಂದಲೇ ಇನ್ನೊಂದು ಗುಡ್ಡ ಎದ್ದಿರಬೇಕಿತ್ತು.

“ಅಕ್ಕಾ, ಅತ್ತೂ ಅತ್ತೂ ಗಂಟಲು ಕಟ್ಟಿದ್ರೆ?”

“ನಿನ್ನ ಮಗನ ಗಂಟಲು ತಾನೇ? ಕಟ್ಟಲ್ಲ ಬಿಡು.”

“ಹಾಲು ಬೆಚ್ಚಗೆ ಮಾಡೋದು ಮರೆತಿದ್ರೆ?”

“ನಿನ್ನ ಗಂಡ ಅಷ್ಟು ದಡ್ಡನಾ?”

“ಅಲ್ಲ... ಆದ್ರೂ...”

“ಆ ‘ಆದ್ರೂ’ನ ಈ ಕಣಿವೆಗೆ ಎಸಿ. ಭಾರ ಕಮ್ಮಿಯಾಗುತ್ತೆ.”

ಭಾರವಿದ್ದದ್ದು ಬೇರೆ ಕಡೆ. ಬಿಸಿಲೇರಿದಂತೆ ಎದೆ ಕಲ್ಲಿನಂತೆ ಬಿಗಿಯಿತು. ಮಗನಿಗೆ ಹಸಿವಾಗುವ ಹೊತ್ತು ಅವಳ ಮೈಗೆ ಗೊತ್ತಿತ್ತು. ಮೈ ಯಾವ ಗುಡ್ಡವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬಂಡೆಯ ಅಂಚಿಗೆ ಬಂದಾಗ ಗಾಳಿ ಎದುರಿನಿಂದ ತಳ್ಳಿತು. ಕೆಳಗೆ, ಬಹಳ ಕೆಳಗೆ, ಒಲೆಯ ಮೇಲೆ ಮರೆತ ಹಾಲಿನ ಹಾಗೆ ಕಡಲು ಬೆಳ್ಳಗೆ ಉಕ್ಕುತ್ತಿತ್ತು. ಅಷ್ಟರಲ್ಲಿ ಫೋನು ಕೈಯಲ್ಲೇ ನಡುಗಿತು. ಅವಳು ಕಿವಿಗಿಟ್ಟು ಬಾಯಿ ತೆರೆಯುವುದರೊಳಗೆ ಗಂಡನ ಪಿಸುಮಾತು ಬಂತು.

“ಮಾತಾಡಬೇಡ. ಒಂದಕ್ಷರಾನೂ ಬೇಡ. ಕುಡೀತಿದ್ದಾನೆ.”

ನಾಲಿಗೆಯ ತುದಿಗೆ ಬಂದ ನೂರು ಮಾತು ಹೊರಬೀಳದಂತೆ ಅವಳು ಶಾಲಿನ ಸೆರಗನ್ನು ಬಾಯಿಗೆ ತುರುಕಿದಳು. ಗುಟುಕು. ಇನ್ನೊಂದು ಗುಟುಕು. ನಡುನಡುವೆ ಮೂಗಿನಲ್ಲೇ ಸಣ್ಣದೊಂದು ‘ಹ್ಞೂಂ’. ಅಜ್ಜಿಯ ಕತೆಗೆ ಅವಳು ಹೂಂಗುಟ್ಟುತ್ತಿದ್ದದ್ದು ಹೀಗೇ; ಅವಳ ಕತೆಗೆ ಇವನೂ ಹೀಗೇ. ಈಗ ಕತೆ ಹೇಳುವವರಿಲ್ಲ, ಆದರೂ ಹೂಂ ಅನ್ನುತ್ತಿದ್ದಾನೆ!

ಎದೆಯ ಹಾಲು ತಾನಾಗಿ ಸುರಿಯಿತು. ಅಂಗಿ ತೊಯ್ದು ಹೊಟ್ಟೆಯವರೆಗೂ ಬೆಚ್ಚಗೆ ಇಳಿಯಿತು. ಒಂದೇ ಒಂದು ಸಲ ‘ಕಂದಾ’ ಅಂದರೆ ಸಾಕಿತ್ತು. ಅವನು ಬಾಟಲಿ ಉಗುಳಿ ಅವಳಿಗಾಗಿ ಅಳುತ್ತಿದ್ದ. ಆ ಅಳು ಬೇಕೆನಿಸಿತು ಅವಳಿಗೆ. ನಾಚಿಕೆಯಿಲ್ಲದೆ, ಮೇಜು ಹೋದರೂ ಹೋಗಲಿ ಅನ್ನುವಷ್ಟು ಬೇಕೆನಿಸಿತು. ಸೆರಗನ್ನು ಇನ್ನಷ್ಟು ಕಚ್ಚಿ ಹಿಡಿದಳು.

ಕೊನೆಗೆ ಖಾಲಿ ಬಾಟಲಿ ಗಾಳಿ ಹೀರುವ ಸದ್ದು. ಆಮೇಲೆ ದೊಡ್ಡ ಮನುಷ್ಯನ ಹಾಗೆ ಒಂದು ತೇಗು. ಸಿಗ್ನಲ್ ಹೋಯಿತು.

“ಏನಾಯ್ತೇ? ಹೇಳೇ! ರೇಡಿಯೋ ಕೆಟ್ಟೋಯ್ತಾ?” ಎನ್ನುತ್ತ ಹತ್ತಿರ ಬಂದ ಅಕ್ಕ ಒದ್ದೆ ಅಂಗಿಯನ್ನೂ ಬಾಯಲ್ಲಿದ್ದ ಸೆರಗನ್ನೂ ನೋಡಿದಳು. ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹಾಕಿದಳು.

ದೀಪಸ್ತಂಭ ಇನ್ನೂ ಬೆರಳಿನಷ್ಟೇ ಕಾಣುತ್ತಿತ್ತು. ಅವಳು ಆ ಕಡೆಗೆ ಅಕ್ಕನಿಗಿಂತ ಮುಂದಾಗಿ, ದಾಪುಗಾಲು ಹಾಕಿ ಹೊರಟಳು. ನಡೆಯುತ್ತಲೇ, ಹಿಂದೆ ತಿರುಗದೆಯೇ ಅಂದಳು:

“ಗಾಜು ಹಿಡಿಯೋ ಕೈಗವಸು ಎಲ್ಲಿಟ್ಟಿದ್ದೀನೋ ಏನೋ, ಅಕ್ಕಾ. ಮನೆಗೆ ಹೋದ ತಕ್ಷಣ ಹುಡುಕಬೇಕು.”