ಮೊದಲನೆಯ ಮನೆ

"ಇನ್ನೊಂದು ಸುತ್ತು ಬಿಗೀರಿ, ಸಡಿಲ ಆಯ್ತದೆ" ಎನ್ನುತ್ತ ರಂಗರಾಜು ಚಟ್ಟದ ಬಿದಿರನ್ನು ಮಂಡಿಯಲ್ಲಿ ಒತ್ತಿ ಹಿಡಿದಿದ್ದ. ಅಷ್ಟರಲ್ಲಿ ಮನೆಯ ಮುಂದೆ ಟೆಂಪೊವೊಂದು ಬಂದು ನಿಂತಿತು. ಅದರಿಂದ ಇಪ್ಪತ್ತು ಜನ ಇಳಿದರು. ಹೆಂಗಸರೇ ಹೆಚ್ಚು. ಮಧುಗಿರಿಯ ಆ ಬೀದಿಯಲ್ಲಿ ಯಾರಿಗೂ ಅವರ ಗುರುತಿರಲಿಲ್ಲ. ಐವತ್ತು ದಾಟಿದ ಹೆಂಗಸೊಬ್ಬಳು ನೇರ ಬಂದು ಹೆಣದ ಕಾಲ ಬಳಿ ಕೂತಳು. "ವನಜಕ್ಕಾ, ಬೇಸಿಗೇಲಿ ಬತ್ತೀನಿ ಅಂದಿದ್ದೆಯಲ್ಲಕ್ಕಾ" ಎಂದು ಪಾದ ಹಿಡಿದುಕೊಂಡು ಅಳತೊಡಗಿದಳು.

"ಯಾರಮ್ಮ ನೀವು?" ತೀರಿಕೊಂಡವಳ ಚಿಕ್ಕಪ್ಪ ಮೂಡಲಗಿರಿಯಪ್ಪ ಜಗಲಿಯಿಂದಲೇ ಕೇಳಿದರು.

"ನಿಡುಗಲ್ ಕಡೆಯೋರು ಸ್ವಾಮಿ. ನಾನು ಓಬಕ್ಕ. ಅಕ್ಕ ನಮ್ಮನೇಲೇ ಇದ್ದುಕೊಂಡು ಪುಸ್ತಕ ಬರ್ದಿದ್ದು. ಇವಳು ನನ್ನ ಮಗಳು. ಇವಳಿಗೂ ವನಜಾ ಅಂತ್ಲೇ ಹೆಸರಿಟ್ಟಿದ್ದೀವಿ."

ರಂಗರಾಜು ಹಗ್ಗದ ತುದಿ ಎಳೆದು ಇನ್ನೊಂದು ಗಂಟು ಬಿಗಿದ.

ವನಜಾಕ್ಷಿ ಅವನ ಅಕ್ಕ. ಮೈಸೂರಿನಲ್ಲಿ ಮಾನವಶಾಸ್ತ್ರ ಓದಿ, ಅಲ್ಲೇ ಮೂವತ್ತು ವರ್ಷ ಪಾಠ ಹೇಳಿದವಳು. ಬಡತನವನ್ನು ಒಂದು ಸಂಸಾರ ತನ್ನೊಳಗೆ ಹೇಗೆ ಹಂಚಿಕೊಳ್ಳುತ್ತದೆ ಎಂಬುದರ ಮೇಲೆ ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಬರೆದಿದ್ದಳು. ಮದುವೆಯಾಗಲಿಲ್ಲ. ರಜೆ ಬಂತೆಂದರೆ ನಿಡುಗಲ್ ಕಡೆಯ ಹಳ್ಳಿಗೆ ಹೊರಡುವಳು. ಮಧುಗಿರಿ ದಾರಿಯಲ್ಲೇ ಸಿಗುತ್ತಿದ್ದರೂ ಬಸ್ಸಿಳಿಯುತ್ತಿದ್ದದ್ದು ಅಪರೂಪ. ಅಕ್ಕ ಓದಲೆಂದು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ನೇಗಿಲು ಹಿಡಿದಿದ್ದ ತಮ್ಮನಿಗೆ ಅದು ನುಂಗಲಾರದ ನೋವು. ಆದರೂ ಕಾಯಿಲೆ ಬಿದ್ದಾಗ ಅವನೇ ಹೋಗಿ ಕರೆತಂದಿದ್ದ. ಕೊನೆಯ ಎರಡು ತಿಂಗಳು ಒಂದೇ ಸೂರಿನಡಿ ಇದ್ದರೂ ಗಂಜಿ, ಮಾತ್ರೆಗಳ ವಿಷಯ ಬಿಟ್ಟು ಅವರ ನಡುವೆ ಮಾತು ಬೆಳೆದಿರಲಿಲ್ಲ.

ಓಬಕ್ಕ ಕಣ್ಣೊರೆಸಿಕೊಂಡು ಎದ್ದಳು. "ಅಣ್ಣಾ, ಒಂದು ಮಾತು ಕೇಳ್ತೀನಿ. ಚಟ್ಟಕ್ಕೆ ನಾನೂ ಹೆಗಲು ಕೊಡ್ತೀನಿ."

"ಅದೆಂಗಾಯ್ತದೆ?" ಮೂಡಲಗಿರಿಯಪ್ಪ ಸಿಡುಕಿದರು. "ಹೆಂಗಸು ಹೆಗಲು ಕೊಡೋದುಂಟಾ? ಅದೂ ಯಾವ ಜನವೋ ಏನೋ! ನಮ್ಮೋರು ಸತ್ತೋಗವ್ರಾ?"

ಜನ ರಂಗರಾಜುವಿನ ಮುಖ ನೋಡಿದರು. ಅವನು ಹಗ್ಗದ ತುದಿ ಕೆಳಗಿಟ್ಟ. "ಊರೋರ ಮನೆಯೆಲ್ಲ ಹೊಕ್ಕು ಸಂಸಾರದ ಕತೆ ಬರೆದ್ಲು. ಹುಟ್ಟಿದ ಮನೆ ಮಾತ್ರ ಬೇಡವಾಗಿತ್ತು. ಈಗ್ಲಾದ್ರೂ ನಮ್ಮವಳಾಗಿ ಹೋಗ್ಲಿ ಬುಡಮ್ಮ."

ಓಬಕ್ಕ ದಿಗಿಲುಬಿದ್ದವಳಂತೆ ಅವನನ್ನು ನೋಡಿದಳು. "ಅಂಗನ್ಬ್ಯಾಡಣ್ಣಾ. ಆ ಪುಸ್ತಕದಾಗೆ ಏನೈತೆ ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

*

ಸಾವಿರದೊಂಬೈನೂರ ಎಂಬತ್ಮೂರು. ಓಬಕ್ಕನಿಗೆ ಆಗ ಹನ್ನೆರಡು ವರ್ಷ. ವನಜಾಕ್ಷಿ ದಿನವೂ ಅವರ ಒಲೆಯ ಪಕ್ಕ ಕೂತು, ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರಿಗೆ ಎಷ್ಟು ಮುದ್ದೆ ಬೀಳುತ್ತದೆ ಎಂದು ಬರೆದುಕೊಳ್ಳುತ್ತಿದ್ದಳು. ಹದಿನೈದು ದಿನ ಸುಮ್ಮನಿದ್ದ ಓಬಕ್ಕನ ತಾಯಿ ನರಸಮ್ಮ ಒಂದು ಮಧ್ಯಾಹ್ನ ಕೈತೊಳೆದು ಎದುರಿಗೇ ಕೂತಳು.

"ನಮ್ಮನೇದು ಬುಡಮ್ಮಾ. ಮೀ ಇಂಟ್ಲೋ? ನಿಮ್ಮನೇಲಿ ಯಾರು ಕಡೇಗೆ ಉಣ್ಣೋದು?"

ವನಜಾಕ್ಷಿ ಪೆನ್ನು ಕೆಳಗಿಟ್ಟಳು. ಅವ್ವ ಊಟಕ್ಕೆ ಕೂತದ್ದನ್ನು ತಾನು ನೋಡಿಯೇ ಇರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗ, ಇಪ್ಪತ್ತೇಳನೇ ವಯಸ್ಸಿನಲ್ಲಿ. ಅವತ್ತು ಅವಳು ಮತ್ತೇನೂ ಬರೆಯಲಿಲ್ಲ. ಸಂಜೆಯವರೆಗೆ ನರಸಮ್ಮನ ಜೊತೆ ಕಡಲೆಕಾಯಿ ಬಿಡಿಸುತ್ತ ಕೂತುಬಿಟ್ಟಳು.

ಪುಸ್ತಕ ಅಚ್ಚಾದಾಗ ಅದನ್ನು ಹಳ್ಳಿಗೆ ತಂದು, ಒಂದೊಂದು ಮನೆಯ ಮುಂದೆಯೂ ಕೂತು ಕನ್ನಡದಲ್ಲಿ ಹೇಳಿದಳು. ತಪ್ಪಿದ್ದರೆ ಬೈಯಿರಿ ಎಂದಳು. ನರಸಮ್ಮ ಚೆನ್ನಾಗಿಯೇ ಬೈದಳು. "ನಾನು ಕಣ್ಣೀರು ಹಾಕ್ದೆ ಅಂತ ಬರ್ದಿದ್ದೀಯಲ್ಲ, ಅದು ಒಲೆ ಹೊಗೆ ಕಣಮ್ಮ! ನಾನ್ಯಾಕೆ ಅಳ್ಲಿ?" ಎರಡನೆಯ ಮುದ್ರಣದಲ್ಲಿ ಆ ಸಾಲು ಬದಲಾಯಿತು. ಓಬಕ್ಕನನ್ನು ಶಾಲೆ ಬಿಡಿಸಬಾರದೆಂದು ವನಜಾಕ್ಷಿ ನರಸಮ್ಮನ ಜೊತೆ ಮೂರು ದಿನ ವಾದ ಮಾಡಿ ಗೆದ್ದದ್ದು ಅದಕ್ಕೂ ಮೊದಲು, ಆ ಎಂಬತ್ಮೂರರಲ್ಲೇ.

*

"ಓದಮ್ಮಿ" ಎಂದಳು ಓಬಕ್ಕ.

ಮಗಳು ವನಜಾ ಚೀಲದಿಂದ ಪುಸ್ತಕ ತೆಗೆದಳು. ಅವಳು ತುಮಕೂರಿನಲ್ಲಿ ಎಂ.ಎ. ಓದುತ್ತಿದ್ದಳು. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮನೆಗಳಲ್ಲಿ ಹೆಂಗಸರ ದಿನ ಹೇಗೆ ಬದಲಾಗಿದೆ ಎಂದು ಕ್ಯಾತಗಾನಚೆರ್ಲು ಎಂಬ ಹಳ್ಳಿಯಲ್ಲಿ ಮನೆಮನೆ ತಿರುಗುತ್ತಿದ್ದಳು. ಮೊದಲ ಅಧ್ಯಾಯ ಬಿಡಿಸಿ, ಇಂಗ್ಲಿಷನ್ನು ಕಣ್ಣಿನಲ್ಲೇ ಓದಿಕೊಂಡು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು:

"'ಮೊದಲನೆಯ ಮನೆ ಈ ಹಳ್ಳಿಯದಲ್ಲ, ಮಧುಗಿರಿಯದು. ಆ ಮನೆಯಲ್ಲಿ ನಾಲ್ಕು ಜನ. ತಾಯಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುತ್ತಿದ್ದಳು. ಎಷ್ಟೋ ದಿನ ಏನೂ ಉಳಿಯುತ್ತಿರಲಿಲ್ಲ. ಮಗಳು ಅದನ್ನು ಗಮನಿಸಲಿಲ್ಲ. ಏಳು ವರ್ಷದ ಮಗ ಗಮನಿಸಿದ. ಸಾಕು, ಹೊಟ್ಟೆ ತುಂಬಿತು ಎಂದು ಸುಳ್ಳು ಹೇಳಿ ದಿನವೂ ಅರ್ಧ ಮುದ್ದೆ ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದ. ಅದು ಯಾರಿಗೆಂದು ಮಗಳಿಗೆ ಹೊಳೆದದ್ದು ದೊಡ್ಡವಳಾದ ಮೇಲೆ. ನಾನು ವಿಶ್ವವಿದ್ಯಾಲಯಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಹುಡುಗ ತಾನಾಗಿಯೇ ತಿಳಿದಿದ್ದ. ಅವನು ನನ್ನ ತಮ್ಮ.'"

ಬಿದಿರು ಹಿಡಿದಿದ್ದವರು ಅದನ್ನು ಕೆಳಗಿಟ್ಟು ಹತ್ತಿರ ಬಂದರು.

"ಅವಳಿಗೆ ಗೊತ್ತಿತ್ತಾ?" ರಂಗರಾಜು ಪುಸ್ತಕದ ಕಡೆ ಕೈ ಚಾಚಿದ. "ನಾನು ಯಾರಿಗೂ ಹೇಳಿರ್ಲಿಲ್ಲ. ಅವ್ವಂಗೂ."

"ಗೊತ್ತಿದ್ದಕ್ಕೇ ನಿಮ್ಮೆದುರು ಬರೋಕೆ ಆಗ್ತಿರ್ಲಿಲ್ಲ" ಎಂದಳು ಓಬಕ್ಕ. "'ಅವನ ಪಾಲನ್ನೂ ನಾನೇ ಓದ್ಬುಟ್ಟೆ ಓಬೀ, ಯಾವ ಮುಖ ತೋರಿಸ್ಲಿ' ಅನ್ನೋರು. ಬಸ್ಸು ಇಲ್ಲಿ ನಿಂತಾಗೆಲ್ಲ ಕಿಟಕೀಲಿ ನಿಮ್ಮನೆ ಕಡೆ ನೋಡ್ತಿದ್ರಂತೆ."

ರಂಗರಾಜು ಹೋಗಿ ಅಕ್ಕನ ತಲೆಯ ಬಳಿ ಕೂತ. ಅವಳ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದ. "ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವೇನೇ, ನೀನು ಓದಿದ್ದು ನನಗೆಷ್ಟು ಹೆಮ್ಮೆ ಅಂತ" ಎಂದ. ಬೆಳಗಿನಿಂದ ಅತ್ತಿರದ ಅವನು ಆಗ ಬಿಕ್ಕಿಬಿಕ್ಕಿ ಅತ್ತ.

ಎದ್ದು ಬಂದಾಗ ಮುಖ ತೊಳೆದವನ ಹಾಗಿದ್ದ. "ಮುಂದ್ಗಡೆ ಎಡಕ್ಕೆ ನಾನು. ಬಲಕ್ಕೆ ಓಬಕ್ಕ."

"ರಂಗಾ..." ಮೂಡಲಗಿರಿಯಪ್ಪ ರಾಗ ಎಳೆದರು.

"ಚಿಕ್ಕಪ್ಪಾ, ಅವಳ ಜೊತೆ ನಾವು ಇದ್ದದ್ದಕ್ಕಿಂತ ಇವ್ರು ಇದ್ದದ್ದೇ ಹೆಚ್ಚು. ದಾರಿ ಬುಡಿ."

ಮುದುಕರು ಗೊಣಗುತ್ತಲೇ ಕೋಲೂರಿ ಪಕ್ಕಕ್ಕೆ ಸರಿದರು. ವನಜಾಕ್ಷಿಯನ್ನು ಮಲಗಿಸಿ ಕಟ್ಟಿದ ಮೇಲೆ ಚಟ್ಟ ಎದ್ದಿತು. ರಂಗರಾಜು ಆರಡಿ ಆಳು, ಓಬಕ್ಕ ಅವನ ತೋಳಿಗೆ ಬರುತ್ತಿದ್ದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಚಟ್ಟ ಒಂದು ಕಡೆಗೆ ವಾಲಿತು. ಹಿಂದಿದ್ದವರು "ಹುಷಾರು, ಹುಷಾರು" ಎಂದರು.

ರಂಗರಾಜು ನಿಂತ. ಮಂಡಿ ಮಡಿಸಿ, ಬೆನ್ನು ಬಗ್ಗಿಸಿ, ತನ್ನ ಹೆಗಲನ್ನು ಓಬಕ್ಕನ ಹೆಗಲಿನ ಮಟ್ಟಕ್ಕೆ ಇಳಿಸಿದ. ಚಟ್ಟ ನೇರವಾಯಿತು. ಹಾಗೆ ಬಗ್ಗಿಕೊಂಡೇ ಅವನು ಬೀದಿ ದಾಟಿ, ಕೆರೆ ಏರಿ ಹತ್ತಿ, ಮಣ್ಣು ಮಾಡುವ ಹೊಲದವರೆಗೂ ನಡೆದ.