ಗುಂಡಮ್ಮನ ಮೋಟಾರು ಗಾದಿ

ಭಾಲ್ಕಿಯಿಂದ ಹೈದರಾಬಾದಿನವರೆಗೆ ಕೌದಿ ಹೊಲಿಯುವವರು ಸಾವಿರ ಮಂದಿ ಇದ್ದಾರು. ಸಖುಬಾಯಿ ಎಂಬುವಳು ಮಾತ್ರ ನಾನೊಬ್ಬಳೇ. ನನ್ನ ಕೌದಿಯ ಮೇಲೆ ಮಲಗಿದ ತಹಸೀಲ್ದಾರರೊಬ್ಬರು ಮೂರು ದಿನ ಏಳಲಿಲ್ಲ. ಕಚೇರಿಯೇ ಎದ್ದು ಅವರ ಮನೆಗೆ ಬರಬೇಕಾಯಿತು. ಇಂಥವಳನ್ನು ಅರಳೆ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಸಾವ್ಕಾರರು ತಮ್ಮ ಮೋಟಾರಿನ ಗಾದಿ ತೋರಿಸಲು ಕರೆಸಿದರು.

ಬೀದರಿನ ಯಾರೋ ಸಾಹೇಬರು ಹತ್ತು ವರ್ಷ ಓಡಿಸಿ ಮಾರಿದ ಮೋಟಾರು ಅದು. ಗಾದಿಯೊಳಗಿನ ಕುದುರೆ ಕೂದಲು ಹೊಟ್ಟಾಗಿತ್ತು. ಚರ್ಮ ಹರಿದು ಸ್ಪ್ರಿಂಗುಗಳು ಇಣುಕುತ್ತಿದ್ದವು. ಸಾವ್ಕಾರರ ತಾಯಿ ಗುಂಡಮ್ಮ ಒಮ್ಮೆ ಅದರಲ್ಲಿ ಕಮಠಾಣಕ್ಕೆ ಹೋಗಿ ಬಂದು, ಎಂಟು ದಿನ ಬೋರಲಾಗಿಯೇ ಮಲಗಿದ್ದರು. ಎತ್ತಿನ ಬಂಡಿಯ ಕುಲುಕಾಟ ಅವರ ಸೊಂಟಕ್ಕೆ ಮೊದಲೇ ಆಗದು. ಹೀಗಾಗಿ ಔರಾದಿನಲ್ಲಿದ್ದ ತಂಗಿ ರುಕ್ಮಿಣಿಬಾಯಿಯನ್ನು ನೋಡಿ ಹನ್ನೊಂದು ವರ್ಷವಾಗಿತ್ತು.

“ಬೀದರದ ಕುದರಿ ಜೀನು ಹೊಲಿಯಾಂವ ಎರಡ ತಿಂಗಳ ಬೇಕಂತಾನ, ಸಖವ್ವ,” ಎಂದರು ಸಾವ್ಕಾರರು.

“ಎರಡ ತಿಂಗಳದಾಗ ನಾ ಇಡೀ ಭಾಲ್ಕಿಗೇ ಗಾದಿ ಹಾಕ್ತೇನ್ರಿ. ಎರಡ ದಿನ ಕೊಡ್ರಿ.”

ಕಟ್ಟೆಯ ಮೇಲಿಂದ ಗುಂಡಮ್ಮ ಅಂದರು: “ಬಡಾಯಿ ಸಾಕು. ಸಾಯೋದ್ರಾಗ ನಮ್ಮ ರುಕ್ಕಿ ಮಾರಿ ನೋಡ್ತೇನೋ ಇಲ್ಲೋ, ಅಷ್ಟ ಹೇಳು.”

ನಾನು ನಗಲಿಲ್ಲ. ಕೆಲಸಕ್ಕೆ ಕೂತೆ.

ಗಾದಿ ಬಿಚ್ಚಿದರೆ ನಾಲ್ಕು ಬಂಡಿ ಹೊಟ್ಟು ಬಂತು. ನಮ್ಮ ನಲವತ್ತು ಕುರಿಗಳ ಉಣ್ಣೆ ಕತ್ತರಿಸಿ, ತೊಳೆದು, ಹಿಂಜಿ ತುಂಬಿದೆ. ಬೋಳಾದ ಕುರಿಗಳು ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಸ್ಪ್ರಿಂಗುಗಳನ್ನು ಹುರಿಯಿಂದ ಬಿಗಿದು, ಮೇಲೆ ಗುಂಡಮ್ಮನ ಹಳೆಯ ಸೀರೆಗಳನ್ನು ಹಾಸಿದೆ. ಕೌದಿ ಮುಗಿಸುವಾಗ ಕಡೆಯ ಮೂಲೆಯೊಳಗೆ ಒಂದು ತುತ್ತು ಇಟ್ಟು ಹೊಲಿಯುವುದು ನಮ್ಮ ಪದ್ಧತಿ; ಕೌದಿ ಹಸಿದಿರಬಾರದು. ಅದಕ್ಕೆ ರೊಟ್ಟಿಯ ಚೂರು ಸಾಕು. ಮೋಟಾರಿನ ಹೊಟ್ಟೆಗೆ ಸಾಕೇ? ತುಪ್ಪ ಸವರಿದ ಮೂರು ಹೂರಣದ ಹೋಳಿಗೆ ಇಟ್ಟೆ.

“ಮೋಟಾರಿಗಿ ಪೆಟ್ರೋಲ್ ಸಾಕು, ಮೌಸಿ,” ಎಂದ ಡ್ರೈವರ್ ಅಬ್ದುಲ ವಾಹೀದ.

“ಅದು ಮುಂದಿನ ಹೊಟ್ಟಿಗಿ, ಇದು ಹಿಂದಿನದಕ್ಕ.”

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಔರಾದಿಗೆ ಹೊರಟೆವು. ಕಮಲನಗರ ದಾಟುವಾಗ ಗುಂಡಮ್ಮ ಗೊರಕೆ ಹೊಡೆಯುತ್ತಿದ್ದರು. ಔರಾದು ಕಣ್ಣಿಗೆ ಕಾಣುವಷ್ಟರಲ್ಲಿ ಎಂಜಿನು ಕುದಿಯಿತು. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ವಾಹೀದ ನೀರು ತರಲು ಹೋದ. ಅಷ್ಟರಲ್ಲಿ ಹೂರಣದ ವಾಸನೆಗೆ ಔರಾದ ತಾಲೂಕಿನ ಇರುವೆಗಳೆಲ್ಲ ಸಾಲುಗಟ್ಟಿ ಬಂದವು. ಗುಂಡಮ್ಮ ಹದಿನಾರರ ಹುಡುಗಿಯಂತೆ ಕೆಳಗೆ ಹಾರಿದರು.

“ನೀ ಉಣಿಸಿದ್ದು ಗಾದಿಗೋ, ಇರುವಿಗೋ?”

ಗಾದಿಯನ್ನು ಹೊರಗೆಳೆದು, ಮೂಲೆ ಬಿಚ್ಚಿ, ಹೋಳಿಗೆ ದೂರ ಎಸೆದು ಕೊಡವಿದೆವು. ಗುಂಡಮ್ಮ ನೆರಳಲ್ಲಿ ಅದರ ಮೇಲೆ ಕೂತರು. ನೀರು ಬಂತು, ಎಂಜಿನು ಗುಡುಗಿತು. ಅವರು ಮಾತ್ರ ಏಳಲೊಲ್ಲರು.

“ಗಾದಿ ಛಲೋ ಅದ. ಕಿರಿಕಿರಿ ಎಲ್ಲಾ ಮೋಟಾರದ್ದು. ಹಿಂಗೇ ಎತ್ಕೊಂಡು ನಡೀರಿ.”

“ಅವ್ವಾ, ಮಂದಿ ಏನಂದಾರು?”

“ಮದಿಮಗಳು ಬಂದಾಳ ಅಂದಾರು. ಎತ್ತೋ.”

ಸಾವ್ಕಾರರು, ವಾಹೀದ, ಪಕ್ಕದ ಹೊಲದವನೊಬ್ಬ ಮತ್ತು ನಾನು ಎತ್ತಿದೆವು. ಭಾರವೆಲ್ಲ ನನ್ನ ಮೂಲೆಯಲ್ಲೇ ಇತ್ತು. ಔರಾದಿನ ಅರ್ಧ ಊರು ಹಿಂದೆ ನಡೆಯಿತು.

ರುಕ್ಮಿಣಿಬಾಯಿ ಬಾಗಿಲಿಗೆ ಬಂದು ಕಣ್ಣುಜ್ಜಿಕೊಂಡರು. “ಅಕ್ಕಾ, ಕುಂತಲ್ಲೇ ಬಂದೀಯಲ್ಲ.”

“ಬಾ, ಜಾಗಾ ಇಟ್ಟೇನಿ,” ಎಂದು ಗುಂಡಮ್ಮ ಸರಿದು ಕೂತರು. ತಂಗಿಯ ಕೈ ಹಿಡಿದವರು ಬಿಡಲಿಲ್ಲ.

ಬಿಸಿಲು ಇಳಿಯಿತು. ಸಾವ್ಕಾರರು ಮೂರು ಸಲ ಕೆಮ್ಮಿ, “ಹೋಗೋಣೇನವಾ?” ಎಂದರು.

“ನೀವು ಹೋಗ್ರಿ. ಹನ್ನೊಂದು ವರ್ಷದ್ದು ಮಾತಾಡೋದದ, ಇನ್ನಾ ಎರಡನೇ ವರ್ಷಕ್ಕ ಬಂದೇವಿ. ಗಾದಿ ಇಲ್ಲೇ ಇರಲಿ.”

ಸಾವ್ಕಾರರು ಮೋಟಾರಿನ ಬರಿಯ ಹಲಗೆಯ ಮೇಲೆ ಜೋಳದ ಕಣಿಕೆಯ ಒಣದಂಟಿನ ಸಿವುಡು ಹಾಕಿಸಿ, ಅದರ ಮೇಲೆ ಕೂತು ಭಾಲ್ಕಿಗೆ ಮರಳಿದರು. ದಾರಿಯುದ್ದಕ್ಕೂ ನಗುತ್ತಲೇ ಇದ್ದರು, ಕುಲುಕಿದಾಗಲೆಲ್ಲ ಇನ್ನಷ್ಟು ಜೋರಾಗಿ.