ತಾಯಿಯ ಹೆಸರು ಕೇಳಿದ ಬ್ಯಾಂಕು

ಮಕ್ಸೂದನ ಖಾತೆಗೆ ಬ್ಯಾಂಕಿನವರು ಬೀಗ ಹಾಕಿದ್ದರು. ನೈಲ್ ನದಿಯ ಕವಲುಗಾಲುವೆಯಲ್ಲಿ ತೂಬು ಏರಿಸಿ ಇಳಿಸಿ ಆಯುಷ್ಯ ಸವೆಸಿದ ನೀರುಗಂಟಿ ಅವನು. ಪಿಂಚಣಿ ತೆಗೆಯಲು ಹೋಗಿ, ಯಂತ್ರದಲ್ಲಿ ಗುಟ್ಟಿನ ಸಂಖ್ಯೆಯನ್ನು ತಪ್ಪಾಗಿ ಒತ್ತಿ ಒತ್ತಿ, ಕಾರ್ಡನ್ನು ಅದರ ಬಾಯಿಗೇ ಕೊಟ್ಟು ಬಂದಿದ್ದ. ಮನೆಯ ಕರೆಂಟು ಮೀಟರಿಗೆ ಮುಂಗಡ ದುಡ್ಡು ತುಂಬಿಸದೆ ಅದು ಕೆಂಪಗೆ ಮಿಟುಕುತ್ತಿತ್ತು. ಅದು ಆರಿದರೆ ಫ್ರಿಜ್ಜಿನಲ್ಲಿರುವ ಹೆಂಡತಿಯ ಇನ್ಸುಲಿನ್ ಕೆಡುತ್ತದೆ. ಸುದ್ದಿ ತಿಳಿದ ಮಗಳು ಇನ್ಸಾಫ್ ಗಂಡನ ಊರಿನಿಂದ ಬಂದವಳು, ಅಪ್ಪನನ್ನು ಪೇಟೆಯ ಬ್ಯಾಂಕಿಗೆ ಕರೆತಂದಿದ್ದಳು.

ಅಲ್ಲಿ ಕೂತವರಲ್ಲಿ ಅರ್ಧ ಮಂದಿ ಅವರ ಊರಿನವರೇ. ಪಕ್ಕದ ಹೊಲದ ಬರಕಾತ್ ಬೆಂಚಿನಿಂದಲೇ ಕೂಗಿದ:

“ಏನ್ ಹಾಜಿ, ನಿಲುವಂಗಿಗೆ ಇಸ್ತ್ರಿ ಹಾಕ್ಕೊಂಡ್ ಬಂದಿದ್ದೀಯ? ಬ್ಯಾಂಕನ್ನೇ ಕೊಂಡ್ಕೊಳ್ಳೋಕಾ?”

“ಸ್ವಲ್ಪ ದುಡ್ಡು ಕಮ್ಮಿ ಬಿದ್ದದೆ ಕಣಯ್ಯ. ನಿನ್ನ ಕತ್ತೆ ಮಾರಿ ಕೊಡು!”

ಎಲ್ಲರೂ ನಕ್ಕರು. ಇನ್ಸಾಫಳ ಎದೆ ಹಗುರಾಯಿತು. ಇಷ್ಟು ಚುರುಕಾಗಿ ಮಾತಿಗೆ ಮಾತು ಕೊಡುವ ಮನುಷ್ಯನಿಗೆ ಏನಾಗಿದೆ? ಸಂಖ್ಯೆ ಮರೆಯುವುದು ಯಾರಿಗೂ ಆಗುತ್ತದೆ ಅಂದುಕೊಂಡಳು.

ಗಾಜಿನ ಹಿಂದಿನ ಹುಡುಗಿ ಗುರುತಿನ ಚೀಟಿ ತಿರುಗಿಸಿ ನೋಡಿದಳು. “ಖಾತೆ ಬಿಡಿಸ್ಬೇಕಾದ್ರೆ ಒಂದೇ ಪ್ರಶ್ನೆ ಹಾಜಿ. ನಿಮ್ಮ ತಾಯಿ ಹೆಸ್ರು?”

ಬೆಂಚಿನ ಮೇಲಿನವರ ಕಿವಿ ನೆಟ್ಟಗಾಯಿತು. ಆ ಕಡೆಯ ಊರುಗಳಲ್ಲಿ ನಾಲ್ಕು ಜನರ ಎದುರು ಗಂಡಸು ತನ್ನ ತಾಯಿಯ ಹೆಸರು ಎತ್ತುವುದುಂಟೇ? ಸಣ್ಣವನಿದ್ದಾಗ ಅದು ಒಮ್ಮೆ ಬೇರೆ ಹುಡುಗರ ಕಿವಿಗೆ ಬಿದ್ದರೆ ಸಾಕು, ಬೀದಿಯುದ್ದಕ್ಕೂ ಕೂಗಿ ಮಾನ ತೆಗೆಯುತ್ತಾರೆ. ಆಗ ಬಚ್ಚಿಟ್ಟ ಹೆಸರು ಮುಪ್ಪಿನವರೆಗೂ ಬಾಯಿಗೆ ಬರುವುದಿಲ್ಲ.

“ಬೇರೆ ಏನಾದ್ರೂ ಕೇಳಮ್ಮ,” ಅಂದ ಮಕ್ಸೂದ್. “ಬಾಯಲ್ಲಿ ಹಲ್ಲೆಷ್ಟು ಉಳಿದವೆ ಕೇಳು, ಹೇಳ್ತೀನಿ.”

“ಕಂಪ್ಯೂಟರ್ ಇದನ್ನೇ ಕೇಳ್ತದೆ. ಖಾತೆ ಯಾರದೋ ಅವರೇ ಬಾಯಿಬಿಟ್ಟು ಹೇಳ್ಬೇಕು.” ಹುಡುಗಿ ಇನ್ಸಾಫಳತ್ತ ಬಾಗಿ ದನಿ ತಗ್ಗಿಸಿದಳು. “ಅವರಿಗೆ ಗೊತ್ತಿಲ್ಲ ಅಂದ್ರೆ, ಬುದ್ಧಿ ಸ್ಥಿಮಿತ ಇಲ್ಲ ಅಂತ ಕೋರ್ಟಿಂದ ಬರೆಸ್ಕೊಂಡು ಬರ್ಬೇಕಾಗ್ತದಕ್ಕ. ಆಮೇಲೆ ಒಂದು ಕಾಸನ್ನೂ ಅವರಾಗೇ ಮುಟ್ಟೋ ಹಾಗಿಲ್ಲ.”

“ಅವ್ನು ಹೇಳಲ್ಲ ಬಿಡಮ್ಮ,” ಅಂದ ಬರಕಾತ್, ತನ್ನದೇ ಹೆಚ್ಚುಗಾರಿಕೆ ಎಂಬಂತೆ. “ಮರ್ಯಾದಸ್ಥ.”

ಇನ್ಸಾಫ್ ಅಪ್ಪನನ್ನು ಗೋಡೆಯ ಕಡೆ ತಿರುಗಿಸಿ ಕಿವಿ ಕೊಟ್ಟಳು. “ನನ್ನೊಬ್ಬಳಿಗೆ ಹೇಳಪ್ಪ.”

ಅವನು ಅಂಗೈ ಮರೆಮಾಡಿ ಬಾಗಿದ. ಮೀಸೆ ಅವಳ ಕೆನ್ನೆಗೆ ತಾಗಿತು.

“ನೀನೇ ಹೇಳ್ಕೊಡು ಮಗಳೇ. ಒಳಗೆಲ್ಲಾ ಹುಡುಕ್ದೆ, ಸಿಗ್ತಾ ಇಲ್ಲ.”

ಅವಳಿಗೂ ಗೊತ್ತಿರಲಿಲ್ಲ. ಅಜ್ಜಿಯ ಮಡಿಲಲ್ಲೇ ಬೆಳೆದವಳು, ಅಜ್ಜಿ ಲಟ್ಟಿಸಿದ ರೊಟ್ಟಿ ತಿಂದವಳು. ಹೆಸರು ಮಾತ್ರ ಕೇಳಿದ್ದಿಲ್ಲ. ಊರಿಗೆಲ್ಲ ಅವಳು ಮಕ್ಸೂದನ ತಾಯಿ. ಸತ್ತ ದಿನ ಮಸೀದಿಯ ಮೈಕಿನಲ್ಲಿ ಸಾರಿದ್ದೂ ಹಾಗೆಯೇ.

“ಅಪ್ಪನಿಗೆ ಬಾಯಾರಿಕೆಯಂತೆ,” ಎಂದು ಕೇಳುವವರಿಗೆ ಕೇಳಿಸುವಂತೆ ಹೇಳಿ, ಅವನನ್ನು ಬೆಂಚಿನ ಮೇಲೆ ಕೂರಿಸಿ, ಇನ್ಸಾಫ್ ಹೊರಬಾಗಿಲಿಗೆ ಬಂದು ತಾಯಿಗೆ ಫೋನು ಮಾಡಿದಳು.

“ಅತ್ತೆ ಹೆಸ್ರಾ? ನಿಂಗೇನ್ ತಲೆ ಕೆಟ್ಟಿದ್ಯಾ? ಅವರ ಮಗ ಪಕ್ಕದಲ್ಲೇ ಇಲ್ವೇನೇ, ಕೇಳು.”

“ಕೇಳ್ದೆ ಅಮ್ಮ.”

ಆ ಕಡೆ ತಾಯಿ ಕೋಳಿಗಳನ್ನು ಓಡಿಸಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅವಳು ಅಂದಳು: “ಅದೂ ಹೋಯ್ತಾ? ಮೊನ್ನೆ ನಿಮ್ಮಪ್ಪ ದನದ ಹಟ್ಟಿ ಬಾಗ್ಲು ಎಲ್ಲಿ ಅಂತ ಹುಡುಕ್ತಿದ್ರು. ನಿಂಗ್ ಹೇಳ್ಬಾರ್ದು ಅಂತಿದ್ದೆ.” ಆಮೇಲೆ, ಗೋಡೆಗಳಿಗೂ ಕೇಳಿಸಬಾರದೆಂಬಂತೆ, ಹೆಸರು ಹೇಳಿದಳು.

ಇನ್ಸಾಫ್ ನೀರಿನ ಬಾಟಲಿ ಕೊಂಡು ಒಳಗೆ ಬಂದಳು. ಅಪ್ಪ ಎರಡು ಗುಟುಕು ಕುಡಿಯುವಷ್ಟರಲ್ಲಿ ಕಿವಿಯಲ್ಲಿ ಉಸುರಿದಳು. ಕೇಳುತ್ತಲೇ ಅವನ ಮುಖ ಕೆಂಪಾದೀತು, ತನ್ನನ್ನು ಗದರಿಸಿಯಾನು ಎಂದು ಕಾದಳು. ಗದರಿಸಲಿ ಎಂದೇ ಬೇಡಿಕೊಂಡಳು.

ಅವನು ತಲೆಯಾಡಿಸಿ ಎದ್ದುಹೋಗಿ ಗಾಜಿನ ಮುಂದೆ ನಿಂತ. ಆಚೆ ದಡದವನಿಗೆ ತೂಬು ಎತ್ತಲು ಹೇಳುವ ಗಂಟಲಲ್ಲಿ ಕೂಗಿದ:

“ಖದ್ರಾ!”

ಬರಕಾತ್ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ. ಬೆಂಚಿನವರು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹುಡುಗಿ ಕೀಲಿ ಒತ್ತಿ, “ಸರಿ ಇದೆ ಹಾಜಿ, ಖಾತೆ ತೆರೀತು,” ಅಂದಳು.

ಮಕ್ಸೂದ್ ಮಗಳತ್ತ ತಿರುಗಿದ. ಮುಖದಲ್ಲಿ ನಾಚಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಕೊಟ್ಟ ಕೆಲಸ ಸರಿಯಾಗಿ ಮುಗಿಸಿದ ಖುಷಿ ಇತ್ತು.

“ಜೋರಾಗೇ ಹೇಳಿದ್ನಲ್ಲ? ಬೇಕಾದ್ರೆ ಇನ್ನೊಂದ್ಸಲ ಹೇಳ್ಲಾ?”

“ಬೇಡಪ್ಪ,” ಅಂದಳು ಇನ್ಸಾಫ್, ಅವನ ಮಣಿಕಟ್ಟು ಬಿಗಿಯಾಗಿ ಹಿಡಿದು. “ಬೇಡ.”